‘ನೀವು ಇವರ ಕಡೆಯವರೇ?’

ಮಾರ್ಚ್ 10ರ ಬೆಳಿಗ್ಗೆ ಬೆಂಗಳೂರಿನ ಫ್ರೀಡಂ ಪಾರ್ಕಿನ ಗೇಟಿನ ಬಳಿ ಹೆಡ್ ಕಾನ್‌ಸ್ಟೆಬಲ್ ಒಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: ‘ನೀವು ಇವರ ಕಡೆಯವರೇ ಸರ್?’ ದನಿಯಲ್ಲಿ ಗದರಿಕೆ ಇರಲಿಲ್ಲ. ಕೈಯಲ್ಲೊಂದು ಪುಟ್ಟ ನೋಟ್‌ಬುಕ್ಕು, ಹಾಳೆಯ ನಡುವೆ ಬಾಲ್‌ಪೆನ್ನಿನಲ್ಲಿ ಎಳೆದ ಗೆರೆ. ಎಡಕ್ಕೆ ‘ಟಿಬೆಟ್’, ಬಲಕ್ಕೆ ‘ಲೋಕಲ್’. ಎಡಗಡೆ ಐದೈದರ ಗೀಟುಗಳ ಕಟ್ಟು ಸಾಲುಸಾಲಾಗಿದ್ದವು. ಬಲಗಡೆ ನಾಲ್ಕೇ ಗೀಟು. ನಾನು ಹೌದೆಂದೆ. ನಾಲ್ಕರ ಮೇಲೆ ಐದನೆಯದನ್ನು ಅಡ್ಡಕ್ಕೆ ಎಳೆದು ಒಂದು ಕಟ್ಟು ಪೂರ್ತಿ ಮಾಡಿದರು.

ಸಂಜೆ ಮೇಲಧಿಕಾರಿಗೆ ಒಪ್ಪಿಸಬೇಕಾದ ತಲೆಲೆಕ್ಕ ಅದು, ಅಷ್ಟೇ. ಆದರೂ ಆ ನಡುಗೆರೆ ನನ್ನ ತಲೆಯಿಂದ ಹೋಗಿಲ್ಲ. ಟಿಬೆಟನ್ನರ ಪ್ರತಿಭಟನೆ ನಮ್ಮ ದೇಶದಲ್ಲಿ ಹೇಗೆ ನಡೆಯುತ್ತದೆ, ಯಾವಾಗ ನಡೆಯದೆ ಹೋಗುತ್ತದೆ ಎಂಬುದರ ಗುಟ್ಟು ಬಹುಪಾಲು ಆ ಗೆರೆಯಲ್ಲೇ ಇದೆ.

ದಿನದ ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ. 1959ರಲ್ಲಿ ಲ್ಹಾಸಾದ ಚೀನೀ ಸೇನಾ ಕೇಂದ್ರದಲ್ಲೊಂದು ನೃತ್ಯ ಪ್ರದರ್ಶನ ಏರ್ಪಟ್ಟಿತ್ತು. ಇಪ್ಪತ್ತಮೂರು ವರ್ಷದ ದಲೈ ಲಾಮಾ ಅಂಗರಕ್ಷಕರ ಎಂದಿನ ಪರಿವಾರವಿಲ್ಲದೆ ಬರಬೇಕೆಂದು ಹೇಳಿಕಳುಹಿಸಿದ್ದರು. ಸುದ್ದಿ ಊರಿನಲ್ಲಿ ಹಬ್ಬಿತು. ಮಾರ್ಚ್ 10ರಂದು ಸಾವಿರಾರು ಜನ ನೊರ್ಬುಲಿಂಕಾ ಅರಮನೆಯನ್ನು ಸುತ್ತುವರಿದು, ನಮ್ಮ ಗುರುವನ್ನು ಹೊರಗೆ ಬಿಡುವುದಿಲ್ಲ ಎಂದು ನಿಂತುಬಿಟ್ಟರು. 12ರಂದು ಹೆಂಗಸರು ಬೀದಿಗಿಳಿದರು. 17ರ ರಾತ್ರಿ ದಲೈ ಲಾಮಾ ವೇಷ ಮರೆಸಿಕೊಂಡು ಹೊರಟು, 31ಕ್ಕೆ ಭಾರತದ ಗಡಿ ದಾಟಿದರು. ಧರ್ಮಶಾಲಾದಿಂದ ನ್ಯೂಯಾರ್ಕ್‌ವರೆಗೆ ಟಿಬೆಟನ್ನರು ಇರುವಲ್ಲೆಲ್ಲ ಆ ದಿನವನ್ನು ಬೀದಿಯಲ್ಲೇ ಆಚರಿಸುತ್ತಾರೆ. ಟಿಬೆಟ್ಟಿನೊಳಗೆ ಮಾತ್ರ ಆಚರಿಸುವಂತಿಲ್ಲ. ಎರಡು ಹಿಮಸಿಂಹಗಳಿರುವ ಟಿಬೆಟ್ ಬಾವುಟವನ್ನು ಅಲ್ಲಿ ಮನೆಯಲ್ಲಿ ಇಟ್ಟುಕೊಂಡರೂ ಜೈಲು.

ಈಗ ಗೆರೆಯ ವಿಷಯ. ಶಾಂತಿಯುತವಾಗಿ, ಆಯುಧವಿಲ್ಲದೆ ಒಂದೆಡೆ ಸೇರುವ ಹಕ್ಕನ್ನು ನಮ್ಮ ಸಂವಿಧಾನ ಕೊಡುವುದು 19ನೇ ವಿಧಿಯಲ್ಲಿ. ಆ ವಿಧಿ ಮಾತನಾಡುವುದು ‘ನಾಗರಿಕ’ರ ಬಗ್ಗೆ. 14 ಮತ್ತು 21ನೇ ವಿಧಿಗಳು ‘ವ್ಯಕ್ತಿ’ ಎನ್ನುತ್ತವೆ. ಆದ್ದರಿಂದ ಕಾನೂನಿನ ಮುಂದೆ ಸಮಾನತೆ ಮತ್ತು ಜೀವದ ರಕ್ಷಣೆ ಈ ನೆಲದ ಮೇಲಿರುವ ಯಾರಿಗಾದರೂ ಉಂಟು. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನು ಖಚಿತವಾಗಿ ಹೇಳಿತು. ಒಟ್ಟಿನಲ್ಲಿ ಟಿಬೆಟನ್ ನಿರಾಶ್ರಿತನ ಜೀವಕ್ಕೆ ಸಂವಿಧಾನದ ಕಾವಲಿದೆ, ಅವನ ಘೋಷಣೆಗೆ ಇಲ್ಲ. ಅದು ನಡೆಯುವುದು ಸರ್ಕಾರದ ಔದಾರ್ಯದ ಮೇಲೆ. ‘ನಿರಾಶ್ರಿತ’ ಎಂಬ ವರ್ಗವೇ ನಮ್ಮ ಕಾನೂನಿನಲ್ಲಿ ಇಲ್ಲ; ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಕಾಗದದ ಮಟ್ಟಿಗೆ ಅವರು ವಿದೇಶಿಯರು, ನೋಂದಣಿ ಪತ್ರದ ಮೇಲೆ ಬದುಕುವವರು. ಅದನ್ನು ಅವರೆಲ್ಲ ‘ಆರ್‌ಸಿ’ ಎಂದೇ ಕರೆಯುತ್ತಾರೆ. ನಾವು ಆರ್‌ಸಿ ಎಂದರೆ ಸ್ಕೂಟರಿನ ಡಿಕ್ಕಿಯಲ್ಲಿ ಹುಡುಕುತ್ತೇವೆ. ಅವರು ಅಂಗಿಯ ಜೇಬಿನಲ್ಲಿ ಹುಡುಕುತ್ತಾರೆ. ನಮಗೆ ಗಾಡಿಯದು, ಅವರಿಗೆ ಮನುಷ್ಯನದು. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಗುರುತಿನ ಪುಸ್ತಕ.

ಅಂದು ನನ್ನ ಪಕ್ಕ ನಿಂತಿದ್ದ ಹೆಂಗಸಿಗೆ ಐವತ್ತರ ಆಸುಪಾಸು. ಉದ್ದನೆಯ ಚುಬಾ ಉಟ್ಟು, ಮುಂದೆ ಮದುವೆಯಾದವರು ಕಟ್ಟಿಕೊಳ್ಳುವ ಬಣ್ಣದ ಪಟ್ಟೆಗಳ ಪಾಂಗ್ಡೆನ್ ಕಟ್ಟಿದ್ದರು. ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರ, ಉಳಿದ ತಿಂಗಳು ಮುಂಡಗೋಡದ ಟಿಬೆಟನ್ ವಸಾಹತಿನಲ್ಲಿ ಮುಸುಕಿನ ಜೋಳ. ಬಿಸಿಲು ಏರುತ್ತಿದ್ದಂತೆ ಕಾನ್‌ಸ್ಟೆಬಲ್‌ಗೆ ಅವರೇ ನೀರಿನ ಬಾಟಲಿ ಕೊಟ್ಟು, ಅಪ್ಪಟ ಉತ್ತರ ಕನ್ನಡದ ರಾಗದಲ್ಲಿ ಕೇಳಿದರು: ‘ಸಾಹೇಬರೇ, ನನ್ನನ್ನು ಯಾವ ಕಡೆ ಬರೆದುಕೊಂಡಿರಿ?’ ಅವರು ನಕ್ಕು ಎಡಗಡೆಯನ್ನು ತೋರಿಸಿದರು. ‘ನಾನು ಹುಟ್ಟಿದ್ದು ಮುಂಡಗೋಡದಲ್ಲಿ’ ಎಂದರು ಆಕೆ. ಕಾನ್‌ಸ್ಟೆಬಲ್ ಪೆನ್ನಿನ ಮುಚ್ಚಳ ತೆಗೆದು, ಏನು ಮಾಡಬೇಕೆಂದು ತೋಚದೆ, ಮತ್ತೆ ಹಾಕಿಕೊಂಡರು.

ಅವರಿಗೆ ತೋಚದಿದ್ದರೆ ತಪ್ಪೇನಿಲ್ಲ. ದೆಹಲಿಗೂ ಬಹಳ ಕಾಲ ತೋಚಿರಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ನಾಗರಿಕರು ಎನ್ನುತ್ತದೆ ಪೌರತ್ವ ಕಾಯ್ದೆ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟವು. ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಸೂಚಿಸಿತು. ಆದರೆ ಪಾಸ್‌ಪೋರ್ಟ್ ಬೇಕಿದ್ದರೆ ಆರ್‌ಸಿ ಒಪ್ಪಿಸಬೇಕು, ವಸಾಹತಿನ ಸವಲತ್ತು ಬಿಡಬೇಕು ಎಂಬ ಷರತ್ತುಗಳು 2017ರಲ್ಲಿ ಬಂದವು. ಮನೆ, ಹೊಲ, ನೆರೆಹೊರೆ ಎಲ್ಲ ವಸಾಹತಿನಲ್ಲೇ ಇರುವವರು ಒಂದು ಪುಸ್ತಕಕ್ಕಾಗಿ ಅದನ್ನೆಲ್ಲ ಬಿಡುತ್ತಾರೆಯೇ? ಅದಕ್ಕಿಂತ ಆಳದ ಅಂಜಿಕೆ ಇನ್ನೊಂದಿದೆ. ಎಲ್ಲರೂ ಭಾರತೀಯರಾಗಿಬಿಟ್ಟರೆ ಟಿಬೆಟ್ ಕೇಳುವವರು ಯಾರು ಎಂಬುದು. ಹಕ್ಕಿನ ಕಾಗದ ಪಡೆದರೆ ಹೋರಾಟ ಸಡಿಲವಾದೀತು, ಪಡೆಯದಿದ್ದರೆ ಹೋರಾಡುವ ಹಕ್ಕೇ ಇಲ್ಲ. ಇಷ್ಟು ವರ್ಷವಾದರೂ ಇದು ಬಿಡಿಸಿಕೊಳ್ಳಲಾಗದ ಗಂಟು.

ನಾವು ನಿಂತಿದ್ದ ಜಾಗಕ್ಕೂ ಒಂದು ಕತೆಯಿದೆ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿ ಬಂದಿಗಳಾಗಿದ್ದರು; ನಟಿ ಸ್ನೇಹಲತಾ ರೆಡ್ಡಿ ಇಲ್ಲಿಂದ ಜೀವಚ್ಛವವಾಗಿ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಈಗ ಬೆಂಗಳೂರಿನ ಪ್ರತಿಭಟನೆಗಳಿಗೆಲ್ಲ ಇದೊಂದೇ ಅಂಗಳ. 2021ರ ಪೊಲೀಸ್ ಆದೇಶ ಮತ್ತು ಹೈಕೋರ್ಟಿನ ನಿರ್ದೇಶನದಿಂದಾಗಿ ಮೆರವಣಿಗೆಗಳು ನಗರದ ರಸ್ತೆಗಳಿಂದ ಮಾಯವಾಗಿ ಈ ಗೋಡೆಗಳ ಒಳಗೆ ಸೇರಿಕೊಂಡಿವೆ. ವಾಹನ ದಟ್ಟಣೆಯ ಕಾರಣ ಒಪ್ಪತಕ್ಕದ್ದೇ, ನಾನೂ ಆನಂದರಾವ್ ವೃತ್ತದಲ್ಲಿ ಸಿಕ್ಕಿಕೊಂಡು ಶಪಿಸಿದವನೇ. ಆದರೆ ದಾರಿಹೋಕರ ಕಣ್ಣಿಗೆ ಬೀಳದ ಪ್ರತಿಭಟನೆ ಮುಕ್ಕಾಲು ಸತ್ತಂತೆ. ಇದನ್ನು ಪ್ರಶ್ನಿಸುವ ಬಾಗಿಲು ನಾಗರಿಕನಿಗಾದರೂ ತೆರೆದಿದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಮೇಲೆ ಹೇರಿದ 144ನೇ ಸೆಕ್ಷನ್ ಕಾನೂನುಬಾಹಿರ ಎಂದು ಹೈಕೋರ್ಟ್ ಎರಡೇ ತಿಂಗಳಲ್ಲಿ ಹೇಳಿತ್ತು. ಎಡಗಡೆಯ ಗೀಟಿನವರು ಅದೇ ವಾದ ಹೂಡಿದರೆ ಮೊದಲ ಪ್ರಶ್ನೆಯೇ ‘ನೀವು ನಾಗರಿಕರೇ?’ ಎಂದಾಗುತ್ತದೆ.

ಹೀಗಾಗಿ ಬಲಗಡೆಯ ಐದು ಗೀಟು ಕೇವಲ ಬೆಂಬಲದ ಲೆಕ್ಕ ಎಂದು ನನಗೆ ಅನ್ನಿಸುವುದಿಲ್ಲ. ಅಲ್ಲಿ ನಿಲ್ಲುವ ಹಕ್ಕು ಕಾನೂನಿನಲ್ಲಿ ಗಟ್ಟಿಯಾಗಿ ಇದ್ದದ್ದು ಆ ಐವರಿಗೆ. ಉಳಿದವರು ನಿಂತದ್ದು ಆ ಹಕ್ಕಿನ ನೆರಳಿನಲ್ಲಿ, ಮತ್ತು ಆ ದಿನ ದೆಹಲಿಯ ಮನಸ್ಸು ಹೇಗಿತ್ತು ಎಂಬುದರ ಮೇಲೆ.

ದೆಹಲಿಯ ಮನಸ್ಸು ಪಂಚಾಂಗದಂತೆ ಬದಲಾಗುತ್ತದೆ. 2005ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಬಂದಾಗ, ಅಷ್ಟೆಲ್ಲ ಕಾವಲಿನ ನಡುವೆಯೂ ಕವಿ ತೆನ್ಜಿನ್ ತ್ಸುಂಡು ಅಲ್ಲಿನ ಮುಖ್ಯ ಕಟ್ಟಡದ ಗೋಪುರ ಏರಿ ಟಿಬೆಟ್ ಸ್ವಾತಂತ್ರ್ಯದ ಬ್ಯಾನರ್ ಇಳಿಬಿಟ್ಟರು. ಒಬ್ಬನೇ ಮನುಷ್ಯ, ಕೈಯಲ್ಲಿ ಬಟ್ಟೆ ಮತ್ತು ಕರಪತ್ರ. ಪೊಲೀಸರು ಹಿಡಿದು ಕರೆದೊಯ್ದರು. ಆಮೇಲಿನಿಂದ ಚೀನಾದ ನಾಯಕರು ಭಾರತಕ್ಕೆ ಬರುವ ಸುದ್ದಿ ಹುಟ್ಟಿದರೆ ಮೊದಲು ಹುಡುಕುವುದು ಇವರನ್ನೇ. 2019ರ ಅಕ್ಟೋಬರಿನಲ್ಲಿ ಷಿ ಜಿನ್‌ಪಿಂಗ್ ಮಾಮಲ್ಲಪುರಕ್ಕೆ ಬರುವ ದಿನಗಳ ಮೊದಲೇ ತ್ಸುಂಡು ಅವರನ್ನು ತಮಿಳುನಾಡಿನಲ್ಲಿ ಬಂಧಿಸಲಾಗಿತ್ತು. ಚೆನ್ನೈಯಲ್ಲಿ ಓದುತ್ತಿದ್ದ ಟಿಬೆಟನ್ ವಿದ್ಯಾರ್ಥಿಗಳನ್ನೂ ಪೊಲೀಸರು ವಶಕ್ಕೆ ತೆಗೆದುಕೊಂಡರು. ಇನ್ನೂ ಮಾಡಿರದ ಪ್ರತಿಭಟನೆಗೆ ಬಂಧನ.

2008ರಲ್ಲಿ ಇನ್ನೊಂದು ಬಗೆ. ಆ ಮಾರ್ಚ್‌ನಲ್ಲಿ ಟಿಬೆಟ್ ಹೊತ್ತಿ ಉರಿಯುತ್ತಿತ್ತು. ಧರ್ಮಶಾಲಾದಿಂದ ಟಿಬೆಟ್ ಕಡೆಗೆ ಕಾಲ್ನಡಿಗೆ ಹೊರಟವರನ್ನು ಕಾಂಗ್ಡಾ ಜಿಲ್ಲೆ ದಾಟುವ ಮುಂಚೆಯೇ ಬಂಧಿಸಿದರು. ಏಪ್ರಿಲ್ 17ರಂದು ಬೀಜಿಂಗ್ ಒಲಿಂಪಿಕ್ಸಿನ ಜ್ಯೋತಿ ದೆಹಲಿಗೆ ಬಂದಾಗ ರಾಜಪಥದ ಎರಡೂ ಬದಿ ಪೊಲೀಸರೇ ಪೊಲೀಸರು. ಫುಟ್‌ಬಾಲ್ ಆಟಗಾರ ಬೈಚುಂಗ್ ಭುಟಿಯಾ ಜ್ಯೋತಿ ಹಿಡಿಯಲು ಒಲ್ಲೆ ಎಂದಿದ್ದರು. ಅದೇ ದಿನ, ಅದೇ ಊರಿನಲ್ಲಿ ಟಿಬೆಟನ್ನರು ತಮ್ಮದೇ ಪರ್ಯಾಯ ಜ್ಯೋತಿ ಹಿಡಿದು ನಡೆದರು, ಅದಕ್ಕೂ ಅವಕಾಶ ಸಿಕ್ಕಿತು. ಅತಿಥಿಯ ಕಣ್ಣಿಗೆ ಬೀಳದಿದ್ದರೆ ಸಾಕು ಎಂಬುದು ಲೆಕ್ಕಾಚಾರ.

2018ರಲ್ಲಿ, ಡೋಕ್ಲಾಂ ಬಿಕ್ಕಟ್ಟಿನ ಕಾವು ಆರುವ ಹೊತ್ತಿಗೆ, ಟಿಬೆಟನ್ನರ ಕಾರ್ಯಕ್ರಮಗಳಿಂದ ಹಿರಿಯ ನಾಯಕರು ಮತ್ತು ಅಧಿಕಾರಿಗಳು ದೂರ ಇರಲಿ ಎಂದು ಸಂಪುಟ ಕಾರ್ಯದರ್ಶಿಯವರಿಂದ ಸೂಚನೆ ಹೋಯಿತು. ಅವುಗಳಲ್ಲಿ ಒಂದರ ಹೆಸರೇನು ಗೊತ್ತೇ? ‘ಥ್ಯಾಂಕ್ ಯೂ ಇಂಡಿಯಾ’. ಅರವತ್ತು ವರ್ಷದ ಆಶ್ರಯಕ್ಕೆ ಕೃತಜ್ಞತೆ ಹೇಳಲು ಬಂದವರು ಅದನ್ನು ದೆಹಲಿಯಿಂದ ಧರ್ಮಶಾಲಾಕ್ಕೆ ಎತ್ತಿಕೊಂಡು ಹೋಗಬೇಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಗಲ್ವಾನ್ ನಡೆಯಿತು. 2020ರ ಆಗಸ್ಟ್ ಕೊನೆಗೆ ಲಡಾಖಿನಲ್ಲಿ ನೆಲಬಾಂಬ್ ಸಿಡಿದು ಭಾರತದ ವಿಶೇಷ ಗಡಿ ಪಡೆಯಲ್ಲಿದ್ದ ನ್ಯಿಮಾ ತೆನ್ಜಿನ್ ಎಂಬ ಟಿಬೆಟನ್ ಯೋಧ ಸತ್ತಾಗ ಶವಪೆಟ್ಟಿಗೆಯ ಮೇಲೆ ತ್ರಿವರ್ಣವನ್ನೂ ಹಿಮಸಿಂಹದ ಬಾವುಟವನ್ನೂ ಒಟ್ಟಿಗೆ ಹೊದಿಸಿದರು. ಆಡಳಿತ ಪಕ್ಷದ ನಾಯಕ ರಾಮ್ ಮಾಧವ್ ಅಂತ್ಯಕ್ರಿಯೆಗೆ ಹೋಗಿ, ಚಿತ್ರ ಹಾಕಿ ಟ್ವೀಟ್ ಮಾಡಿದರು. ಆಮೇಲೆ ಅದನ್ನು ಅಳಿಸಿದರು. ಭಾರತದ ಟಿಬೆಟ್ ನೀತಿಯನ್ನು ಒಂದೇ ಸಾಲಿನಲ್ಲಿ ಹೇಳು ಎಂದರೆ ನಾನು ಆ ಅಳಿಸಿದ ಟ್ವೀಟನ್ನು ತೋರಿಸುತ್ತೇನೆ.

ಈಗಿನ ಗಾಳಿ ಮತ್ತೆ ತಿರುಗಿದೆ. 2025ರ ಜೂನ್‌ನಲ್ಲಿ ಕೈಲಾಸ ಮಾನಸಸರೋವರ ಯಾತ್ರೆ ಮರಳಿ ಶುರುವಾಯಿತು. ಆಗಸ್ಟ್ ಕೊನೆಗೆ ಪ್ರಧಾನಿ ಚೀನಾದ ತಿಯಾಂಜಿನ್‌ಗೆ ಹೋಗಿಬಂದರು. ಅಕ್ಟೋಬರಿನಲ್ಲಿ ನೇರ ವಿಮಾನಗಳು ಹಾರತೊಡಗಿದವು. 2026ರಲ್ಲಿ ಬ್ರಿಕ್ಸ್ ಅಧ್ಯಕ್ಷತೆ ಭಾರತದ್ದು. ವ್ಯಾಪಾರ, ಗಡಿ, ಯಾತ್ರೆ ಇವೆಲ್ಲ ಬೇಕಾದವೇ. ಕೈಲಾಸಕ್ಕೆ ಹೋಗುವ ಕನ್ನಡಿಗ ಯಾತ್ರಿಗೆ ನಮ್ಮ ರಾಜ್ಯ ಸರ್ಕಾರವೇ ಸಹಾಯಧನ ಕೊಡುತ್ತದೆ. ಆದರೆ ಕೈಲಾಸ ಇರುವುದು ಟಿಬೆಟ್ಟಿನಲ್ಲಿ. ಮುಂಡಗೋಡದ ಆ ಹೆಂಗಸು ತನ್ನ ತಂದೆತಾಯಿಯ ನೆಲಕ್ಕೆ ಹೋಗಲಾರರು, ಹೊಸಪೇಟೆಯ ಯಾತ್ರಿ ಚೀನಾದ ವೀಸಾ ಪಡೆದು ಪರಿಕ್ರಮೆ ಮುಗಿಸಿ ಬರಬಹುದು.

ಇದೇ ಹೊತ್ತಿನಲ್ಲಿ ದಲೈ ಲಾಮಾ ಉತ್ತರಾಧಿಕಾರದ ಪ್ರಶ್ನೆ ಎದ್ದಿದೆ. ತಮ್ಮ ತೊಂಬತ್ತನೇ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ, 2025ರ ಜುಲೈ 2ರಂದು, ಈ ಪರಂಪರೆ ಮುಂದುವರಿಯುತ್ತದೆ, ಮರುಹುಟ್ಟನ್ನು ಗುರುತಿಸುವ ಅಧಿಕಾರ ತಮ್ಮ ಗಾಡೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಎಂದು ಅವರು ಸ್ಪಷ್ಟಪಡಿಸಿದರು. ಬೀಜಿಂಗ್ ಒಪ್ಪಲಿಲ್ಲ. ಚಿನ್ನದ ಕಳಶದಿಂದ ಚೀಟಿ ಎತ್ತಬೇಕು, ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು ಎಂಬುದು ಅದರ ವಾದ. ಸರ್ಕಾರದ ಅನುಮತಿಯಿಲ್ಲದೆ ಲಾಮಾಗಳು ಮರುಹುಟ್ಟು ಪಡೆಯುವಂತಿಲ್ಲ ಎಂಬ ನಿಯಮವನ್ನೇ 2007ರಲ್ಲಿ ಹೊರಡಿಸಿದೆ. ಪುನರ್ಜನ್ಮವನ್ನೇ ನಂಬದ ಪಕ್ಷವೊಂದು ಪುನರ್ಜನ್ಮಕ್ಕೆ ಪರವಾನಗಿ ಕೊಡಲು ಕುಳಿತಿದೆ. ನಗು ಬರುತ್ತದೆ, ಆದರೆ 1995 ನೆನಪಾದರೆ ನಗು ನಿಲ್ಲುತ್ತದೆ. ಆ ಮೇ 14ರಂದು ದಲೈ ಲಾಮಾ ಗೆಧುನ್ ಚೋಕಿ ನ್ಯಿಮಾ ಎಂಬ ಆರು ವರ್ಷದ ಬಾಲಕನನ್ನು, ತಮ್ಮ ನಂತರದ ಸ್ಥಾನದ ಗುರುವಾದ ಪಂಚೆನ್ ಲಾಮಾ ಅವರ ಮರುಹುಟ್ಟು ಎಂದು ಗುರುತಿಸಿದರು. ಮೂರು ದಿನಗಳಲ್ಲಿ ಮಗುವನ್ನೂ ಮನೆಯವರನ್ನೂ ಚೀನಾ ಕರೆದೊಯ್ಯಿತು. ಅಂದಿನಿಂದ ಹೊರಗಿನವರು ಯಾರೂ ಅವನನ್ನು ಕಂಡಿಲ್ಲ. ಪ್ರತಿಭಟನೆಗಳಲ್ಲಿ ಇಂದಿಗೂ ಹಿಡಿಯುವ ಚಿತ್ರದಲ್ಲಿ ಕೆಂಪು ಕೆನ್ನೆಯ ಆ ಹುಡುಗ ಆರು ವರ್ಷದವನಾಗಿಯೇ ಉಳಿದಿದ್ದಾನೆ.

ಭಾರತ ಏನೆಂದಿತು? ನಂಬಿಕೆ, ಧಾರ್ಮಿಕ ಆಚರಣೆಗಳ ವಿಷಯದಲ್ಲಿ ಸರ್ಕಾರ ಯಾವ ನಿಲುವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ವಿದೇಶಾಂಗ ಸಚಿವಾಲಯ ಜುಲೈ 4ರಂದು ಹೇಳಿತು. ಎರಡು ದಿನದ ಬಳಿಕ ಪ್ರಧಾನಿ ಹುಟ್ಟುಹಬ್ಬದ ಶುಭಾಶಯ ಕೋರಿದರು.

ಧರ್ಮದ ಮಾತು ದೂರದ್ದು ಅನ್ನಿಸುವ ಕನ್ನಡಿಗನಿಗೆ ಭಾಷೆಯ ಮಾತು ಹತ್ತಿರವಾದೀತು. ತಾಶಿ ವಾಂಗ್‌ಚುಕ್ ಎಂಬ ಅಂಗಡಿಕಾರ ತನ್ನ ಊರಿನ ಶಾಲೆಗಳಲ್ಲಿ ಟಿಬೆಟನ್ ಭಾಷೆಯನ್ನು ಸರಿಯಾಗಿ ಕಲಿಸುತ್ತಿಲ್ಲ ಎಂದು ದೂರು ಕೊಡಲು ಬೀಜಿಂಗ್‌ವರೆಗೆ ಹೋದ. ಅವನು ಸ್ವಾತಂತ್ರ್ಯ ಕೇಳಲಿಲ್ಲ, ಚೀನಾದ ಸಂವಿಧಾನದಲ್ಲಿ ಬರೆದಿರುವುದನ್ನೇ ಕೇಳಿದ. ಅಮೆರಿಕದ ಪತ್ರಿಕೆಯೊಂದು ಅವನ ಓಡಾಟವನ್ನು 2015ರಲ್ಲಿ ವಿಡಿಯೊ ಮಾಡಿತು. ಮರುವರ್ಷದ ಜನವರಿಯಲ್ಲಿ ಬಂಧನ, ಪ್ರತ್ಯೇಕತೆಗೆ ಪ್ರಚೋದನೆ ಎಂಬ ಆರೋಪ, ಐದು ವರ್ಷ ಜೈಲು. ನಾವು ಗೋಕಾಕ್ ಚಳವಳಿಯಲ್ಲಿ ಇದನ್ನೇ ಕೇಳಿದ್ದೆವು, ಇನ್ನೂ ಜೋರಾಗಿ ಕೇಳಿದ್ದೆವು. ರಾಜಕುಮಾರ್ ಊರೂರು ಸುತ್ತಿದರು, ಸರ್ಕಾರ ಬಗ್ಗಿತು. ಅಲ್ಲಿ ಸುಮಾರು ಹತ್ತು ಲಕ್ಷ ಟಿಬೆಟನ್ ಮಕ್ಕಳು ಮನೆಯಿಂದ ದೂರ, ಚೀನೀ ಭಾಷೆಯ ವಸತಿ ಶಾಲೆಗಳಲ್ಲಿ ಇದ್ದಾರೆ ಎಂದು ವಿಶ್ವಸಂಸ್ಥೆಯ ತಜ್ಞರು 2023ರಲ್ಲಿ ಕಳವಳ ವ್ಯಕ್ತಪಡಿಸಿದರು. ಹಳ್ಳಿಯ ಶಾಲೆ ಮುಚ್ಚಿದರೆ ಹಾಸ್ಟೆಲ್ ಶಾಲೆಗೆ ಕಳುಹಿಸದೆ ತಂದೆತಾಯಿಗೆ ಬೇರೆ ದಾರಿ ಇರುವುದಿಲ್ಲ. 2009ರಿಂದ ಈಚೆಗೆ ಟಿಬೆಟ್ಟಿನೊಳಗೆ 150ಕ್ಕೂ ಹೆಚ್ಚು ಜನ ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಅದನ್ನು ತ್ಯಾಗವೆಂದು ಹೊಗಳುವುದು ನನ್ನಿಂದಾಗದು. ಬೇರೆ ಯಾವ ಬಗೆಯ ಪ್ರತಿಭಟನೆಯೂ ಸಾಧ್ಯವಿಲ್ಲದ ಕಡೆ ಹೀಗಾಯಿತು ಎಂಬುದನ್ನು ಮಾತ್ರ ಮರೆಯಲಾರೆ.

ನಮ್ಮ ರಾಜ್ಯಕ್ಕೂ ಇದಕ್ಕೂ ಇರುವ ನಂಟಿನ ಬಗ್ಗೆ ಒಂದು ಸಣ್ಣ ತಿದ್ದುಪಡಿ. ನಿಜಲಿಂಗಪ್ಪನವರು ಜಮೀನು ಕೊಟ್ಟರು ಎಂದು ದಲೈ ಲಾಮಾ ಹೋದಲ್ಲೆಲ್ಲ ನೆನೆಯುತ್ತಾರೆ, ನಾವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಮೂರು ಸಾವಿರ ಎಕರೆಯ ಮೊದಲ ವಸಾಹತು ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರ ಆಡಳಿತದಲ್ಲಿ, 1966ರಲ್ಲಿ, ಬಂದದ್ದು ಮುಂಡಗೋಡ. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಜತ್ತಿಯವರಿಗೂ ಒಂದು ಪಾಲು ಸಲ್ಲಲಿ. ಧರ್ಮಶಾಲಾದ ಟಿಬೆಟನ್ ಆಡಳಿತಕ್ಕೆ 2021ರಲ್ಲಿ ಸಿಕ್ಯೋಂಗ್, ಅಂದರೆ ಆಡಳಿತದ ಮುಖ್ಯಸ್ಥ, ಆಗಿ ಚುನಾಯಿತರಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ಬೈಲಕುಪ್ಪೆಯಲ್ಲೇ.

ಪ್ರತಿಭಟನೆಗೆ ಹೋಗಬೇಕೆನ್ನುವವರು ಘೋಷಣೆಗಳ ಅರ್ಥ ತಿಳಿದುಕೊಂಡು ಹೋಗುವುದು ಲೇಸು. ‘ಪೋ ಗ್ಯಾಲೋ’ ಎಂದರೆ ಟಿಬೆಟ್ಟಿಗೆ ಜಯವಾಗಲಿ. ಇದನ್ನು ಎಲ್ಲರೂ ಕೂಗುತ್ತಾರೆ. ‘ರಾಂಗ್ಜೆನ್’ ಎಂದರೆ ಪೂರ್ಣ ಸ್ವಾತಂತ್ರ್ಯ. ತ್ಸುಂಡು ಅಂಥವರ, ಟಿಬೆಟನ್ ಯೂತ್ ಕಾಂಗ್ರೆಸ್ಸಿನವರ ಮಾತು. ದಲೈ ಲಾಮಾ ಮತ್ತು ಧರ್ಮಶಾಲಾದ ಆಡಳಿತದ ದಾರಿ ‘ಉಮೇಲಾಂ’, ಮಧ್ಯಮ ಮಾರ್ಗ: ಚೀನಾದೊಳಗೇ ನಿಜವಾದ ಸ್ವಾಯತ್ತೆ. ಈ ದಾರಿಯಲ್ಲಿ 2002ರಿಂದ 2010ರ ಜನವರಿಯವರೆಗೆ ಒಂಬತ್ತು ಸುತ್ತು ಮಾತುಕತೆ ನಡೆದು ನಿಂತುಹೋಯಿತು. ಮೈಕಿನ ಮುಂದೆ ಒಬ್ಬರು ರಾಂಗ್ಜೆನ್ ಎನ್ನುವಾಗ ಪಕ್ಕದಲ್ಲಿರುವ ಹಿರಿಯರು ಸುಮ್ಮನೆ ಜಪಮಣಿ ತಿರುಗಿಸುತ್ತಿರುವುದನ್ನು ನೋಡಿದ್ದೇನೆ. ಒಂದೇ ಗುಂಪು, ಎರಡು ಬೇಡಿಕೆ, ಜಗಳವಿಲ್ಲ.

ಜಗಳ ಹಚ್ಚುವವರು ಬಹುಮಟ್ಟಿಗೆ ನಮ್ಮವರೇ. ಚೀನಾದ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಬಂದು, ಚೀನೀ ಜನರನ್ನೇ ಬೈದು, ಮೊಬೈಲ್ ಒಡೆಯುವ ನಾಟಕವಾಡಿ ಹೋಗುವ ಮಂದಿ. ಗಲ್ವಾನ್ ನಂತರದ ಒಂದೆರಡು ವರ್ಷ ಇಂಥವರ ಸುಗ್ಗಿ. ಈಗ ವಿಮಾನ ಹಾರಿದೆ, ಅವರು ಕಾಣುತ್ತಿಲ್ಲ. ಕೊನೆಯ ಪ್ರಾರ್ಥನೆಯಲ್ಲಿ ಟಿಬೆಟನ್ನರು ತಮ್ಮನ್ನು ಹಿಂಸಿಸಿದವರಿಗೂ ಒಳ್ಳೆಯದನ್ನೇ ಬೇಡುತ್ತಾರೆ. ಅದರ ಪಕ್ಕ ನಿಂತು ಬೈಗುಳ ಉದುರಿಸುವುದು ಅವರಿಗೂ ಮುಜುಗರ.

ಇದರಿಂದೆಲ್ಲ ಏನಾದರೂ ಆಗುತ್ತದೆಯೇ? ಬೆಂಗಳೂರಿನ ಹಳೆಯ ಜೈಲಿನಂಗಳದ ಕೂಗು ಬೀಜಿಂಗ್‌ಗೆ ಕೇಳಿಸುವುದಿಲ್ಲ. ಅಲ್ಲಿಂದ ತಪ್ಪಿಸಿಕೊಂಡು ಬರುವವರ ಸಂಖ್ಯೆ 2008ಕ್ಕೆ ಮೊದಲು ವರ್ಷಕ್ಕೆ ಎರಡು ಮೂರು ಸಾವಿರ ಇದ್ದದ್ದು ಈಗ ಬೆರಳೆಣಿಕೆಗೆ ಇಳಿದಿದೆ. ಇಲ್ಲಿರುವ ಯುವಜನ ಕೆನಡಾ, ಅಮೆರಿಕಗಳಿಗೆ ಹೊರಟಿದ್ದಾರೆ. ವಸಾಹತುಗಳಲ್ಲಿ ಮುದುಕರು, ಭಿಕ್ಷುಗಳು ಉಳಿಯುತ್ತಿದ್ದಾರೆ. ಎಡಗಡೆಯ ಗೀಟುಗಳು ಇನ್ನು ಹೆಚ್ಚುವುದು ಕಷ್ಟ. ಆದರೆ ಕೂಗು ದೆಹಲಿಗೆ ಕೇಳಿಸುತ್ತದೆ, ಯಾಕೆಂದರೆ ಅದನ್ನು ಯಾವಾಗ ಅದುಮಬೇಕೆಂದು ದೆಹಲಿ ಪ್ರತಿ ಸಲ ಲೆಕ್ಕ ಹಾಕುತ್ತದೆ. ಬಲಗಡೆಯಲ್ಲಿ ಐದರ ಬದಲು ಐನೂರು ಗೀಟು ಇದ್ದಾಗ ಆ ಲೆಕ್ಕ ತುಸು ಕಠಿಣವಾಗುತ್ತದೆ. ನನಗೆ ಕಾಣುವ ಪ್ರಯೋಜನ ಇಷ್ಟೇ, ಅದಕ್ಕಿಂತ ದೊಡ್ಡದನ್ನು ನಾನು ಹೇಳಲಾರೆ.

ಹನ್ನೆರಡೂವರೆಗೆ ಎಲ್ಲ ಮುಗಿಯಿತು. ಬಾವುಟಗಳನ್ನು ಕೋಲಿಗೆ ಸುತ್ತಿದರು, ಹುಡುಗರು ಖಾಲಿ ಬಾಟಲಿ ಆರಿಸಿ ಚೀಲಕ್ಕೆ ತುಂಬಿದರು. ಬೆಳಗಿನಿಂದ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಯುವಕನೊಬ್ಬ ಕಪ್ಪು ಮಾಸ್ಕನ್ನು ಒಮ್ಮೆಯೂ ತೆಗೆದಿರಲಿಲ್ಲ. ನಾನು ಅರಿಯದೆ ಮೊಬೈಲ್ ಎತ್ತಿದಾಗ ಅಂಗೈ ಅಡ್ಡ ಹಿಡಿದ. ಅಜ್ಜಿ, ಚಿಕ್ಕಪ್ಪಂದಿರು ಇನ್ನೂ ಟಿಬೆಟ್ಟಿನ ಖಾಮ್ ಪ್ರಾಂತ್ಯದಲ್ಲಿದ್ದಾರಂತೆ. ಇಲ್ಲಿಯ ಒಂದು ಚಿತ್ರ ಅಲ್ಲಿಗೆ ತಲುಪಿದರೆ ಅವರನ್ನು ಠಾಣೆಗೆ ಕರೆಸುತ್ತಾರೆ. ಚೀನಾದ ವೀಚಾಟ್ ಆ್ಯಪ್‌ನಲ್ಲಿ ಮಾತನಾಡುವಾಗಲೂ ಹವಾಮಾನ, ಯಾಕ್, ಆರೋಗ್ಯ ಇಷ್ಟೇ. ನಾನು ಕ್ಷಮೆ ಕೇಳಿ ಚಿತ್ರ ಅಳಿಸಿದೆ. ಅಷ್ಟರಲ್ಲಿ ಮುಂಡಗೋಡದ ಆ ಹೆಂಗಸು ಎಲ್ಲರನ್ನೂ ಕರೆದು ಒಂದು ಗುಂಪು ಫೋಟೊ ಇರಲಿ ಎಂದರು. ಚಿತ್ರಕ್ಕೆ ನಿಲ್ಲಬಲ್ಲವರೆಲ್ಲ ಬಾವುಟದ ಹಿಂದೆ ನಿಂತೆವು. ನನ್ನ ಮೊಬೈಲನ್ನು ಆ ಯುವಕ ತಾನೇ ಕೇಳಿ ತೆಗೆದುಕೊಂಡ, ನಾಲ್ಕು ಹೆಜ್ಜೆ ಹಿಂದೆ ಸರಿದು, ‘ಸರ್, ಸ್ವಲ್ಪ ಎಡಕ್ಕೆ ಬನ್ನಿ’ ಎಂದ.